ಕುಂಕುಮ ದಪ್ಪಗೆ ಹಚ್ಚಿದ ಕತ್ತಿ

ಇವತ್ತು ಬೆಳಿಗ್ಗೆ ಅಡಿಗೆಮನೆಯಿಂದ ಹುಣಸೆಹಣ್ಣಿನ ವಾಸನೆ ಬಂತು. ಸಾರಿಗೆ ನೆನೆಸಿದ ಹುಣಸೆಯ ವಾಸನೆಯೇ ಬೇರೆ, ಹಿತ್ತಾಳೆ ತಿಕ್ಕುವ ಹುಣಸೆಯ ವಾಸನೆಯೇ ಬೇರೆ. ಒಲೆಯ ಮುಂದೆ ಆಯುಷ್ಯ ಕಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಸರೆ ಹತ್ತಿರ ಬಂತೆಂದು ಮೊಮ್ಮಗಳು ದೇವರ ಸಾಮಾನನ್ನೆಲ್ಲ ಹರವಿಕೊಂಡು ತಿಕ್ಕುತ್ತಿದ್ದಳು. ಪ್ರತಾಪ ನಗರದ ಈ ಮನೆಯ ಗ್ಯಾಲರಿಯಲ್ಲಿ ಕುಳಿತು ಪೇಪರು ಓದುತ್ತಿದ್ದ ನನಗೆ ಆ ವಾಸನೆ ತಾಗಿದ್ದೇ ತಡ, ಎದೆ ಡವಡವ ಎನ್ನತೊಡಗಿತು. ಗಾಬರಿಯಾಗಬೇಡಿ, ಡಾಕ್ಟರಿಗೆ ಹೇಳುವಂಥದ್ದೇನೂ ಅಲ್ಲ. ಹುಣಸೆ, ಬೂದಿ ಎರಡೂ ಕೂಡಿದ ವಾಸನೆ ಬಂದರೆ ಸಾಕು, ನಾನು ಮತ್ತೆ ಹೊಸ ಸೊಸೆಯಾಗಿ ಅಜನಿಯ ರೈಲ್ವೆ ಕ್ವಾರ್ಟರ್ಸಿನ ಹಿತ್ತಲಲ್ಲಿ ಕುಕ್ಕುರುಗಾಲಲ್ಲಿ ಕುಳಿತಿರುತ್ತೇನೆ, ನನ್ನ ಮಡಿಲ ಮೇಲೆ ಒಂದು ಕತ್ತಿ ಇರುತ್ತದೆ.

"ಅಜ್ಜಿ, ಈ ವರ್ಷ ತಲವಾರ್ ಯೇಣಾರ್ ಕೀ ನಾಹೀ?" ಎಂದು ಮೊಮ್ಮಗಳು ಒಳಗಿಂದ ಕೂಗಿದಳು. ಅವಳ ಮಾತೇ ಹಾಗೆ, ಧಾರವಾಡದಲ್ಲಿ ಗಾಡಿ ಹತ್ತಿ ನಾಗಪುರದಲ್ಲಿ ಇಳಿಯುತ್ತದೆ. ತಲವಾರು ಬರುತ್ತದೋ ಇಲ್ಲವೋ ಎಂದು ಕೇಳುತ್ತಿದ್ದಳು. ನಾನು ಕೇಳಿಸದವಳ ಹಾಗೆ ಪೇಪರು ಮಗುಚಿದೆ. ಕಿವಿ ಮಂದವಾದ ಮೇಲೆ ಸಿಗುವ ಸೌಲಭ್ಯಗಳಲ್ಲಿ ಇದೂ ಒಂದು. ನಿಜ ಹೇಳಬೇಕೆಂದರೆ, ನಿನ್ನೆ ಬಂದ ಫೋನಿನಿಂದ ನನಗೇ ಆ ಪ್ರಶ್ನೆ ಕೊರೆಯುತ್ತಿದೆ. ಅದೇನು ಫೋನು ಎಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ತಲವಾರಿನ ಕಥೆ.

ರಾಜ್ಯಗಳ ಮರುವಿಂಗಡಣೆ ಇನ್ನೂ ಆಗಿರಲಿಲ್ಲ, ಆಗ ನಾಗಪುರ ರಾಜಧಾನಿಯಾಗಿತ್ತು. ರಾಜಧಾನಿ ಕೈಬಿಟ್ಟು ಹೋಗುತ್ತದಂತೆ ಎಂದು ಗಂಡಸರು ಜಗುಲಿಯಲ್ಲಿ ಕುಳಿತು ದುಃಖಪಡುತ್ತಿದ್ದರು, ತಮ್ಮ ಮನೆಯ ಗಂಟು ಹೋದ ಹಾಗೆ. ನನಗೆ ಅದರ ಪರಿವೆಯೇ ಇರಲಿಲ್ಲ. ಧಾರವಾಡದಿಂದ ಲಗ್ನವಾಗಿ ಬಂದು ಆರು ತಿಂಗಳಾಗಿತ್ತಷ್ಟೆ. ಮನೆಯಲ್ಲಿ ಮಾವ, ಅತ್ತೆ, ನನ್ನವರು, ನಾನು. ಮಾವ ರೈಲ್ವೆಯ ಪಾರ್ಸಲ್ ಆಫೀಸಿನಲ್ಲಿದ್ದರು. ನನ್ನವರೂ ರೈಲ್ವೆಯಲ್ಲೇ ಗಾರ್ಡು, ಹಬ್ಬ ಬಂದಾಗಲೆಲ್ಲ ತಪ್ಪದೆ ಇಟಾರ್ಸಿಯಲ್ಲಿರುತ್ತಿದ್ದರು. ಆದ್ದರಿಂದ ಈ ಕಥೆಯಲ್ಲಿ ಅವರನ್ನು ಹುಡುಕಬೇಡಿ.

ನಮ್ಮ ಕಡೆ ಮಹಾನವಮಿಯ ದಿನ ಖಂಡೆಪೂಜೆ. ಖಂಡೆ ಎಂದರೆ ಕತ್ತಿ. ಮನೆಯಲ್ಲಿ ಹಿರಿಯರ ಕತ್ತಿ ಇದ್ದರೆ ಅದನ್ನು ಹಲಗೆಯ ಮೇಲಿಟ್ಟು ಪೂಜಿಸಬೇಕು. ಪೂಜೆಗಿಟ್ಟ ಆಯುಧವನ್ನು ಮರುದಿನ ದಶಮಿಯವರೆಗೆ ಅಲುಗಿಸಬಾರದು. ನಮ್ಮ ಮನೆತನಕ್ಕೂ ಒಂದು ಖಂಡೆ ಇತ್ತಂತೆ. ಅಣ್ಣತಮ್ಮಂದಿರು ಬೇರೆಯಾದಾಗ ಅದು ಮಾವನವರ ಅಣ್ಣನ ಪಾಲಿಗೆ ಹೋಯಿತು. ಊರು ಬಿಟ್ಟು ನಾಗಪುರಕ್ಕೆ ಹೊರಡುವ ದಿನ ಅತ್ತೆ ಅದಕ್ಕೊಂದು ಕುಂಕುಮ ಇಟ್ಟು ಬರುತ್ತೇನೆಂದು ಹೋದರೆ, ಓರಗಿತ್ತಿ ದೇವರಕೋಣೆಯ ಬಾಗಿಲಲ್ಲಿ ಅಡ್ಡ ನಿಂತು, "ಅದಕ್ಕ ಇನ್ನ ನಾವದೀವಲ್ಲ, ನೀ ಹೋಗು" ಎಂದಳಂತೆ. ಅತ್ತೆ ಇದನ್ನು ನನಗೆ ಹೇಳಿದ್ದು ಒಂದೇ ಸಲ, ಅಕ್ಕಿ ಆರಿಸುತ್ತ, ತಲೆ ಎತ್ತದೆ. ನಾಗಪುರಕ್ಕೆ ಬಂದ ಮೇಲೆ ಪ್ರತಿ ನವಮಿಗೂ ಅವರು ಹಲಗೆಯ ಮೇಲೆ ಈಳಿಗೆ, ಕುಡುಗೋಲು, ಮಾವನವರು ಪಾರ್ಸಲ್ ಪೆಟ್ಟಿಗೆ ಬಿಚ್ಚುವ ಕಬ್ಬಿಣದ ಸಲಾಕೆ ಇವನ್ನೇ ಇಟ್ಟು ಪೂಜೆ ಮಾಡುತ್ತಿದ್ದರು. ಆ ವರ್ಷ ಮಾತ್ರ, ಮನೆಗೆ ಸೊಸೆ ಬಂದಿದ್ದಾಳೆಂಬ ಹುರುಪಿಗೋ ಏನೋ, ಹಟ ಹಿಡಿದರು.

"ಈಳಿಗಿ ಸಲಾಕಿ ಇಟ್ಟು ಇನ್ನೆಷ್ಟ ವರ್ಷ ಪೂಜಾ ಮಾಡ್ಲಿ? ಖಂಡೆ ಇಲ್ಲದ ಖಂಡೆಪೂಜಾ ಅದೇನ್ ಪೂಜಾ?"

"ತಲವಾರಕ್ಕ ಇಲ್ಲೇನ್ ಬರಾ ಬಂದೈತಿ?" ಎಂದರು ಮಾವ. "ಭೋಸಲೆ ರಾಜರ ಊರಿದು. ಇತವಾರಿ ಗುಜರಿಗೆ ಹೋದ್ರ ಗಾಡಿಗಟ್ಟಲೆ ಬಿದ್ದಿರ್ತಾವ."

ಗಾಡಿಗಟ್ಟಲೆ ಬಿದ್ದಿರಲಿಲ್ಲ. ಎರಡು ಭಾನುವಾರ ಅಲೆದು ಮಾವ ಒಂದನ್ನು ತಂದರು, ಗೋಣಿತಟ್ಟಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು. ಬಿಚ್ಚಿ ನೋಡಿದರೆ ತುಕ್ಕು ಹಿಡಿದ, ತುಸು ಬಾಗಿದ, ಉದ್ದನೆಯ ಒಂದು ಕಬ್ಬಿಣ. ಒಂದು ಮಗ್ಗುಲು ಸಿಡುಬು ಬಂದ ಹಾಗೆ ತೂತುತೂತು. ಹಿಡಿಯ ಚರ್ಮ, ಕಟ್ಟಿಗೆ ಎಲ್ಲ ಹೋಗಿ ಬರಿಯ ಕಂಬಿ ಉಳಿದಿತ್ತು, ಕೈಗೆ ಅಡ್ಡಲಾಗಿ ಬಟ್ಟಲಿನಂಥ ತಗಡು. ಸವಾರರ ಕತ್ತಿ ಹೀಗೇ ಇರುತ್ತದೆ ಎಂದು ಗುಜರಿಯವನು ಹೇಳಿದ್ದನಂತೆ.

ಅತ್ತೆ ಸುತ್ತಮುತ್ತ ನೋಡಿದರು. "ಒರಿ ಎಲ್ಲೈತ್ರಿ?"

"ಒರಿ ಇಲ್ಲ."

"ಒರಿ ಇಲ್ಲದ ಖಂಡೆ ಮನ್ಯಾಗ ತಂದ್ರೇನು?"

"ತಲಿ ಮ್ಯಾಲೆ ಟೊಪಗಿ ಇಲ್ಲಂತ ಬಂದ ಬೀಗರನ್ನ ಹೊರಗ ನಿಂದರಸ್ತಾರೇನ?" ಎಂದು ಮಾವ ನಕ್ಕು ಒಳಗೆ ಹೋಗಿಬಿಟ್ಟರು.

ತುಕ್ಕು ತೆಗೆಯುವ ಕೆಲಸ ಅತ್ತೆಗೂ ನನಗೂ ಬಿತ್ತು. ಉಕ್ಕಿಗೆ ಎಣ್ಣೆ ಹಚ್ಚಬೇಕು, ಮೆಲ್ಲಗೆ ಉಜ್ಜಬೇಕು ಎಂದು ಈಗ ಯಾರು ಯಾರೋ ಹೇಳುತ್ತಾರೆ. ನಮಗೆ ಗೊತ್ತಿದ್ದದ್ದು ಒಂದೇ ವಿದ್ಯೆ. ದೇವರ ದೀಪದ ಸಮೆ, ತಂಬಿಗೆ, ಹರಿವಾಣ ಇವುಗಳಿಗೆ ಏನು ಮಾಡುತ್ತೇವೋ ಅದನ್ನೇ ಕತ್ತಿಗೂ ಮಾಡಿದೆವು. ಹಿತ್ತಲಲ್ಲಿ ಕುಳಿತು ಹುಣಸೆಹಣ್ಣು, ಬೂದಿ, ತೆಂಗಿನ ಜುಂಗು ಹಾಕಿ ಎರಡು ಮಧ್ಯಾಹ್ನ ತಿಕ್ಕಿದೆವು. ಅತ್ತೆ ತುದಿಯ ಕಡೆ, ನಾನು ಹಿಡಿಯ ಕಡೆ. ಮೊದಲು ಕೆಂಪು ನೀರು ಹರಿಯಿತು, ಆಮೇಲೆ ಕಪ್ಪು ನೀರು, ಆಮೇಲೆ ಒಂದು ಕಡೆ ಬೆರಳಗಲ ಬೆಳ್ಳಗೆ ಮಿಂಚಿತು. ಅತ್ತೆ "ಅಯ್ಯ ಶಿವನ!" ಎಂದು ಕೂಗಿದ್ದಕ್ಕೆ ಪಕ್ಕದ ಮನೆಯವರು ಓಡಿ ಬಂದರು. ನಾನು ಹಿಡಿಯನ್ನು ತಲೆಕೆಳಗೆ ಮಾಡಿ ಕೊಡವಿದಾಗ ಅದರ ಬುಡದ ಸಂದಿಯಿಂದ ನುಣ್ಣನೆಯ ಮರಳು ಉದುರಿತು. ಕತ್ತಿಯೊಳಗೆ ಮರಳು ಎಲ್ಲಿಂದ ಎಂದು ನಾನು ಕೇಳಲಿಲ್ಲ. ಗುಜರಿಯ ಮಾಲು, ಏನಾದರೂ ಇರುತ್ತದೆ ಎಂದುಕೊಂಡು ಒರೆಸಿದೆ.

ನವಮಿ ಬಂತು. ರಂಗೋಲಿ ಹಾಕಿ, ಹಲಗೆ ಇಟ್ಟು, ಹಿಡಿಗೆ ಕೆಂಪು ಬಟ್ಟೆ ಸುತ್ತಿ, ಚೆಂಡುಹೂವಿನ ಮಾಲೆ ಹಾಕಿ, ಅತ್ತೆ ಮಡಿಯಲ್ಲಿ ಕುಳಿತರು. "ಕುಂಕುಮ ನೀ ಹಚ್ಚವಾ, ಮನಿ ಸೊಸಿ" ಎಂದರು. ನನಗೆ ಏರಿದ ಉಬ್ಬು ಅಷ್ಟಿಷ್ಟಲ್ಲ. ತವರಿನಲ್ಲಿ ನಾನು ಕತ್ತಿಯ ಪೂಜೆ ನೋಡಿದವಳಲ್ಲ. ನನ್ನ ತಂದೆ ಶಾಲೆಯ ಮಾಸ್ತರರು, ನಮ್ಮ ಮನೆಯ ಆಯುಧವೆಂದರೆ ಮಸಿಕುಡಿಕೆ. ನಾನು ತವರಿನಲ್ಲಿ ಹೊಸ್ತಿಲಿಗೆ ಹಚ್ಚುವಾಗ ಕಲೆಸುತ್ತಿದ್ದ ಹಾಗೆಯೇ ಕುಂಕುಮವನ್ನು ನೀರು ಹಾಕಿ ಗಟ್ಟಿಯಾಗಿ ಕಲೆಸಿ, ಮೂರು ಬೆರಳು ಅದ್ದಿ, ಹಿಡಿಯಿಂದ ತುದಿಯವರೆಗೆ ಎಳೆದುಬಿಟ್ಟೆ.

"ಏ ಹುಡುಗಿ! ಹೊಸ್ತಲಕ್ಕ ಹಚ್ಚಾಕತ್ತೀಯೇನ? ಅಷ್ಟ ದಪ್ಪ ಹಚ್ತಾರೇನ? ಬೊಟ್ಟು, ಬೊಟ್ಟಿಡಬೇಕು!"

ಬಂದಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನನ್ನ ಮುಖ ಕುಂಕುಮದ ಬಣ್ಣಕ್ಕೆ ತಿರುಗಿತು. ಅತ್ತೆ ಒದ್ದೆ ಬಟ್ಟೆ ತೆಗೆದುಕೊಂಡು, ಕತ್ತಿಯನ್ನು ಅಲುಗಿಸದೆ, ಮೇಲಿನಿಂದ ಒರೆಸಿದರು. ಒರೆಸಿದವರು ಹಿಡಿಯ ಹತ್ತಿರ ಬಂದು ನಿಂತರು. ಮತ್ತೆ ಒರೆಸಿದರು. ಅಲ್ಲಿನ ಕೆಂಪು ಹೋಗಲಿಲ್ಲ. ಕಣ್ಣಿಗೆ ಕಾಣದಷ್ಟು ಸವೆದುಹೋದ ಗೀರುಗಳೊಳಗೆ ನನ್ನ ದಪ್ಪ ಕುಂಕುಮ ಇಳಿದು ಕುಳಿತಿತ್ತು. ಒಂದು ಕುದುರೆಲಾಳದ ಗುರುತು. ಅದರ ಕೆಳಗೆ ಇಂಗ್ಲಿಷ್ ಅಂಕಿಯಲ್ಲಿ ನಾನೂರ ಹನ್ನೊಂದು.

ಎರಡು ಮಧ್ಯಾಹ್ನ ತಿಕ್ಕಿದರೂ ಕಾಣದಿದ್ದದ್ದು ಈಗ ಕೆಂಪಗೆ, ಯಾರೋ ಆಗ ತಾನೇ ಬರೆದು ಹೋದ ಹಾಗೆ ಕಾಣುತ್ತಿತ್ತು. ಅಲ್ಲಿಯವರೆಗೆ ಅದು ಒಂದು ಕತ್ತಿ. ಆಗಿನಿಂದ ಅದು ಯಾರದೋ ಕತ್ತಿ.

ಯಾರದು ಎಂಬುದನ್ನು ಮಾವ ಕೂಡಲೇ ಇತ್ಯರ್ಥಮಾಡಿದರು. ಅವರಿಗೆ ಎರಡು ದಿನದಿಂದಲೇ ಒಂದು ಗುಮಾನಿ ಇತ್ತಂತೆ. ಅವರ ಮುತ್ತಜ್ಜ ದೇಸಾಯರ ಕುದುರೆ ಪಡೆಯಲ್ಲಿದ್ದವರು, ದಂಡಿನ ಜೊತೆ ಈ ಕಡೆ ಬಂದವರು ತಿರುಗಿ ಹೋಗಲಿಲ್ಲ. ಬೆಳಿಗ್ಗೆ ಬಂದವರಿಗೆ, "ಇದು ನಮ್ಮ ಮುತ್ತ್ಯಾನ ಖಂಡೆ ಇದ್ದಂಗೈತಿ" ಎಂದರು. ಮಧ್ಯಾಹ್ನದ ಹೊತ್ತಿಗೆ 'ಇದ್ದಂಗೈತಿ' ಬಿದ್ದುಹೋಯಿತು. ಸಂಜೆ ಆಫೀಸಿನವರು ಬಂದು ಆ ಅಂಕಿ ಏನೆಂದು ಕೇಳಿದಾಗ, ಮಾವ ಕಣ್ಣು ಅರ್ಧ ಮುಚ್ಚಿ, ದನಿ ಇಳಿಸಿ, "ನಾನೂರಾ ಹನ್ನೊಂದು ಮಂದಿ" ಎಂದರು. ಬಂದವರು ಚಹದ ಬಸಿ ಕೆಳಗಿಟ್ಟು ಕತ್ತಿಗೆ ಕೈಮುಗಿದರು. ಅತ್ತೆ ಒಳಗಿನಿಂದ ನನ್ನ ಕಡೆ ನೋಡಿ, "ಇವರ ಮುತ್ತ್ಯಾ ಹಲ್ಲಿ ಕಂಡ್ರ ಹೊರಸಿನ ಮ್ಯಾಲೆ ಹತ್ತಿ ಕೂಡ್ತಿದ್ನಂತ" ಎಂದು ಪಿಸುಗುಟ್ಟಿದರು.

ಆದರೂ ಅತ್ತೆಯ ಮುಖದಲ್ಲಿ ಆ ದಿನ ಕಂಡ ಕಳೆಯನ್ನು ನಾನು ಮರೆಯಲಾರೆ. ಹೋಗುವಾಗ ಬರುವಾಗ ಹಲಗೆಯ ಮುಂದೆ ನಿಲ್ಲುವರು, ಹೂವು ಸರಿಮಾಡುವರು. "ಇನ್ನ ನಮ್ಮನ್ಯಾಗೂ ಐತಿ" ಎಂದು ಯಾರಿಗೋ ಹೇಳಿಕೊಳ್ಳುವರು. ಯಾರಿಗೆಂದು ನನಗೆ ಗೊತ್ತಿತ್ತು.

ಮರುದಿನ ವಿಜಯದಶಮಿ. ನಮ್ಮಲ್ಲಿ ಬನ್ನಿ ಕೊಡುವ ಹಬ್ಬ. ಇಲ್ಲಿ ಆಪಟೆಯ ಎಲೆಗೆ ಸೋನ, ಅಂದರೆ ಬಂಗಾರ, ಎಂದು ಹೆಸರು. ಅದು ನಮ್ಮ ಬನ್ನಿಯಲ್ಲ ಎಂದು ಅತ್ತೆಗೆ ಅಸಮಾಧಾನ. ಅದಕ್ಕೇ ಗೂಡ್ಸ್ ಯಾರ್ಡಿನ ಆಚೆ ಒಂದು ಬನ್ನಿಗಿಡವನ್ನು ಪತ್ತೆಮಾಡಿ ಇಟ್ಟಿದ್ದರು. ಮನೆಮನೆಗೆ ಹೋಗಿ ಹಿರಿಯರ ಕೈಗೆ ಎಲೆ ಕೊಟ್ಟು ಕಾಲಿಗೆ ಬೀಳಬೇಕು, ಅವರು ತಿರುಗಿ ಎಲೆ ಕೊಟ್ಟು ಹರಸಬೇಕು. ವರ್ಷವಿಡೀ ಜಗಳವಾಡಿದವನು ಬಂದರೂ ಆ ದಿನ ಬೇಡ ಎನ್ನುವಂತಿಲ್ಲ. ಬನ್ನಿಯನ್ನು ಯಾರೂ ತಿರಸ್ಕರಿಸುವುದಿಲ್ಲ. ಇದು ನಮಗೂ ಇಲ್ಲಿಯ ಮರಾಠಿಯವರಿಗೂ ಒಂದೇ.

ಸಂಜೆ ಕತ್ತಿಯನ್ನು ಹಲಗೆಯಿಂದ ಇಳಿಸಿ, ಮಾವ, ಅತ್ತೆ, ನಾನು ಮೂವರೂ ಹೊರಟೆವು. ಕನ್ನಡದವರ ಮನೆಗಳಾದ ಮೇಲೆ ರೈಲು ಹಳಿ ದಾಟಿ ಬಬನರಾವ್ ಅವರ ಮನೆಗೆ ಹೋದೆವು. ಬಬನರಾವ್ ಲೋಕೋ ಶೆಡ್ಡಿನಲ್ಲಿ ಫಿಟ್ಟರು, ಮಾವನವರ ಎಲೆಯಡಿಕೆಯ ಗೆಳೆಯ. ಅವರ ಮನೆಗೆ ನಾವು ಮೊದಲ ಸಲ ಹೋದದ್ದು. ಓಣಿಯ ಮೂಲೆಯಲ್ಲಿ ಆಡುತ್ತಿದ್ದ ಹುಡುಗರನ್ನು ಮನೆ ಯಾವುದೆಂದು ಕೇಳಿದರೆ, "ಖಾಲಿ ಮ್ಯಾನ್ ಕಾ ಘರ್? ವೋ ದೇಖೋ" ಎಂದು ಬೆರಳು ತೋರಿಸಿ ಕಿಸಕ್ಕನೆ ನಕ್ಕರು. ಮ್ಯಾನ್ ಎಂದರೆ ಒರೆ. ಖಾಲಿ ಒರೆಯ ಮನೆ. ಇದೆಂಥ ಅಡ್ಡಹೆಸರು ಎಂದುಕೊಂಡು ಒಳಗೆ ಹೋದೆವು.

ಜಗುಲಿಯಲ್ಲಿ ಬಬನರಾವ್ ಅವರ ತಂದೆ ಕುಳಿತಿದ್ದರು. ಮನೆಯಲ್ಲಿ ಎಲ್ಲರೂ ಅವರನ್ನು ಆಜೋಬಾ, ಅಂದರೆ ಅಜ್ಜ, ಎನ್ನುತ್ತಿದ್ದರು, ನಾವೂ ಹಾಗೆಯೇ ಅನ್ನತೊಡಗಿದೆವು. ಒಣಗಿದ ಉದ್ದನೆಯ ದೇಹ, ಬಿಳಿ ಮೀಸೆ, ಬೆನ್ನು ಮಾತ್ರ ನೆಟ್ಟಗೆ. ಯಾರೂ ಅವರ ಕಡೆ ಹೆಚ್ಚು ಗಮನ ಕೊಡುತ್ತಿರಲಿಲ್ಲ. ಅತ್ತೆ ಅವರ ಕೈಗೆ ಬನ್ನಿ ಇಟ್ಟು ಕಾಲಿಗೆ ಬಿದ್ದು, ಒಳಗೆ ದೇವರ ಮುಂದೆ ಎಲೆ ಇಡಲು ಹೋದರು. ನಾನೂ ಹಿಂದೆ ಹೋದೆ. ಅತ್ತೆ ಹೊಸ್ತಿಲಲ್ಲೇ ನಿಂತುಬಿಟ್ಟರು.

ದೇವರ ಮುಂದೆ ಹಲಗೆ, ಹಲಗೆಯ ಮೇಲೆ ಹೂವು, ಹೂವಿನ ನಡುವೆ ಕಬ್ಬಿಣದ ಉದ್ದನೆಯ ಒರೆ. ಬರಿಯ ಒರೆ. ಬಾಯಿಯ ಹತ್ತಿರ ಒಂದು ಕುಂಕುಮದ ಬೊಟ್ಟು.

"ಒರಿ ಅಷ್ಟ ಇಟ್ಟೀರಿ, ತಲವಾರ್ ಕುಠೇ ಐತ್ರಿ?" ತಲವಾರು ಎಲ್ಲಿ ಎಂದು ಕೇಳಿದ ಅತ್ತೆಯ ಮರಾಠಿಯೂ ನನ್ನ ಮೊಮ್ಮಗಳ ಕನ್ನಡದ ಹಾಗೆಯೇ.

ಬಬನರಾವ್ ಮುಜುಗರದಿಂದ ನಕ್ಕರು. ಮಾವನವರ ಕಡೆ ತಿರುಗಿ ಮೆಲ್ಲಗೆ ಮರಾಠಿಯಲ್ಲಿ ಹೇಳಿದ್ದರ ಸಾರ ಇಷ್ಟು: ತಂದೆ ಹಿಂದೆ ಸವಾರನಾಗಿದ್ದೆ ಎನ್ನುತ್ತಾರೆ, ಕತ್ತಿ ಹೊಳೆಯಲ್ಲಿ ಹೋಯಿತು ಎನ್ನುತ್ತಾರೆ. ಊರವರು ಬೇರೆಯೇ ಹೇಳುತ್ತಾರೆ. ಕುದುರೆ ಲಾಯದಲ್ಲಿ ಹುಲ್ಲು ಹಾಕುತ್ತಿದ್ದಿರಬೇಕು, ಯಾವುದೋ ಹಳೆಯ ಒರೆ ಸಿಕ್ಕಿರಬೇಕು. ವಯಸ್ಸಾದವರು, ನಾವು ಯಾಕೆ ಮಾತು ಬೆಳೆಸಬೇಕು? ಪ್ರತಿ ವರ್ಷ ಇಡುತ್ತಾರೆ, ಇಡಲಿ.

ಮೆಲ್ಲಗೆ ಹೇಳಿದ್ದರೂ ಆಜೋಬಾ ಕೇಳಿಸಿಕೊಂಡರು. ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬಾಗಿಲ ಕಡೆ ನೋಡುತ್ತ, ಯಾರೂ ಕೇಳದಿದ್ದರೂ, ಹಿಂದಿಯಲ್ಲಿ ಹೇಳತೊಡಗಿದರು. ಎಷ್ಟೋ ಸಲ ಹೇಳಿ, ಎಷ್ಟೋ ಸಲ ನಗೆಗೀಡಾಗಿ ಸವೆದ ಮಾತು ಅದು. ಕಾಮ್ಠಿಯ ದಂಡಿನ ಠಾಣೆ. ಸವಾರರು ಕುದುರೆ, ಕತ್ತಿ ಎರಡನ್ನೂ ತಾವೇ ತರುತ್ತಿದ್ದ ಕಾಲ. ಆ ಕತ್ತಿಗಾಗಿ ಅವರ ತಂದೆ ಎತ್ತಿನ ಜೋಡಿ ಮಾರಿದ್ದರು. ಒಬ್ಬ ಸಾಹೇಬನಿಗೆ ಹುಚ್ಚು: ಕತ್ತಿ ಹಿರಿದುಕೊಂಡೇ ಕನ್ಹಾನ್ ಹೊಳೆ ದಾಟಬೇಕು ಎಂದು ಹುಕುಂ. ನಡುಹೊಳೆಯಲ್ಲಿ ಕುದುರೆ ಮುಗ್ಗರಿಸಿತು. ಕುದುರೆ ದಡ ಹತ್ತಿತು, ಜೀನಿಗೆ ಕಟ್ಟಿದ್ದ ಒರೆ ಅದರ ಜೊತೆ ಹೋಯಿತು. ಕತ್ತಿ ಮರಳಿಗೆ ಹೋಯಿತು. ಮೂರು ದಿನ ಮುಳುಗಿ ಮುಳುಗಿ ಹುಡುಕಿದರೂ ಸಿಗಲಿಲ್ಲ.

ಮರಳು!

ಹೊಸ ಸೊಸೆ ಮಾವನವರ ಮುಂದೆ ಬಾಯಿ ಬಿಡಬಾರದೆಂಬ ಕಟ್ಟುಪಾಡು ಆಗ ಇತ್ತು. ಅತ್ತೆಯ ಸೆರಗು ಹಿಡಿದು ಎಳೆದೆ. "ಅತ್ತಿ, ಮರಳ ಬಿತ್ತಲ್ರಿ! ಹಿಡಿಯೊಳಗಿಂದ ಮರಳ ಬಿತ್ತಲ್ರಿ!" ಎಂದೆ. ಪಿಸುಮಾತೆಂದು ನಾನು ತಿಳಿದದ್ದು ಓಣಿಯ ತುದಿಗೆ ಕೇಳಿಸಿರಬೇಕು.

ಅತ್ತೆ ನನ್ನನ್ನು ನೋಡಿದರು. ಆಮೇಲೆ ಗಂಡನನ್ನು ನೋಡಿದರು. ಮಾವ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದರು.

"ರೀ, ಕೇಳ್ರಿ ಅವರನ್ನ."

"ಏನ್ ಕೇಳೂದು?"

"ನಂಬರ. ನಿಮ್ಮ ನಂಬರ ಏನಿತ್ತಂತ ಕೇಳ್ರಿ!"

ಮಾವ ಕ್ಯಾಲೆಂಡರಿನಿಂದ ಕಣ್ಣು ಕಿತ್ತರು. ಈಗ ಯೋಚಿಸಿದರೆ ಆ ಕ್ಷಣದಲ್ಲಿ ಅವರು ಏನೂ ಕೇಳದೆ ಎದ್ದು ಬರಬಹುದಿತ್ತು ಅನಿಸುತ್ತದೆ. ಮನೆಯಲ್ಲಿ ಮುತ್ತಜ್ಜನ ಖಂಡೆ ಇರುತ್ತಿತ್ತು, ಆಫೀಸಿನವರು ಕೈಮುಗಿಯುತ್ತಿದ್ದರು. ಮಾವ ಬಡಾಯಿಯವರೇ ಹೊರತು ಕೆಟ್ಟವರಲ್ಲ. ಗಂಟಲು ಸರಿಮಾಡಿಕೊಂಡು, ಪಾರ್ಸಲ್ ಆಫೀಸಿನ ದನಿಯಲ್ಲಿ ಜೋರಾಗಿ ಕೇಳಿದರು: "ಆಜೋಬಾ, ಆಪ್ ಕಾ ನಂಬರ್?"

ಆ ಮುದುಕರು ಎದ್ದು ನಿಂತರು. ಕೋಲು ಕೆಳಗೆ ಬಿತ್ತು, ಅವರು ನೋಡಲಿಲ್ಲ. ಹಿಮ್ಮಡಿ ಕೂಡಿಸಿ, ಎದೆ ಮುಂದೆ ಮಾಡಿ, ಓಣಿಯ ಹುಡುಗರ ಆಟ ನಿಲ್ಲುವ ಹಾಗೆ ಕೂಗಿದರು.

"ಚಾರ್ ಸೌ ಗ್ಯಾರಾ! ಹಾಜಿರ್!"

ನಾನೂರ ಹನ್ನೊಂದು.

ನನ್ನ ಕೈಯಲ್ಲಿದ್ದ ಬನ್ನಿಯೆಲ್ಲ ನೆಲಕ್ಕೆ ಬಿತ್ತು. ಅತ್ತೆ ಆಗಲೇ ಮೆಟ್ಟಿಲಿಳಿದಿದ್ದರು. ನಲವತ್ತು ದಾಟಿದ, ಎಂದೂ ಜೋರಾಗಿ ಹೆಜ್ಜೆ ಹಾಕದ ಆ ಹೆಂಗಸು ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು ರೈಲು ಹಳಿಯ ಕಡೆ ಓಡಿದರು. ಹಿಂದೆ ನಾನು, ನನ್ನ ಹಿಂದೆ ಓಣಿಯ ಹುಡುಗರ ಹಿಂಡು. ಹಳಿಯ ಮೇಲೆ ಒಂದು ಗೂಡ್ಸ್ ಗಾಡಿ ನಿಂತಿತ್ತು. ಅದು ಸರಿಯುವವರೆಗೆ ಕಾಯುತ್ತ ಅತ್ತೆ ಅದನ್ನು ಬೈದಷ್ಟು ನನ್ನನ್ನೂ ಎಂದೂ ಬೈದದ್ದಿಲ್ಲ. "ಸರಿಯೋ ಭಾಡ್ಯಾ, ಜಲ್ದಿ ಸರಿ!" ಎನ್ನುತ್ತಿದ್ದರು. ಮನೆಗೆ ಹೋಗಿ ಕತ್ತಿಯನ್ನು ಒಂದು ಚಾದರದಲ್ಲಿ ಸುತ್ತಿದರು. ನಾನು ಏನು ತೋಚಿತೋ ಏನೋ, ಕುಂಕುಮದ ಬಟ್ಟಲನ್ನೂ ಎತ್ತಿಕೊಂಡೆ.

ತಿರುಗಿ ಬಂದಾಗ ಜಗುಲಿಯ ತುಂಬ ಜನ. ಬಬನರಾವ್ ತಲೆಯಾಡಿಸುತ್ತಿದ್ದರು, "ನಂಬರ್ ಯಾರು ಬೇಕಾದರೂ ಹೇಳಬಹುದು" ಎಂಬ ಹಾಗೆ. ಪಾಪ, ಅವರದೂ ತಪ್ಪಲ್ಲ. ಇಷ್ಟು ವರ್ಷ ನಂಬದೆ ಇದ್ದದ್ದನ್ನು ಒಂದೇ ಸಂಜೆಯಲ್ಲಿ ನಂಬುವುದೆಂದರೆ ಭಾರ. ನಾನು ಕಟ್ಟುಪಾಡು ಮರೆತು ಒರೆಯ ಮುಂದೆ ಕುಳಿತೆ. ಬಟ್ಟಲಿಗೆ ನೀರು ಹಾಕಿ, ಹೊಸ್ತಿಲಿಗೆ ಕಲೆಸುವ ಹಾಗೆ ಗಟ್ಟಿಯಾಗಿ ಕಲೆಸಿ, ಒರೆಯ ಬಾಯಿಯ ಸುತ್ತ ದಪ್ಪಗೆ ಬಳಿದೆ. ಈ ಸಲ ಅತ್ತೆ ಬಯ್ಯಲಿಲ್ಲ. ಒದ್ದೆ ಸೆರಗಿನಿಂದ ಒರೆಸಿದೆ.

ಕುದುರೆಲಾಳ. ಅದರ ಕೆಳಗೆ ಅದೇ ಅಂಕಿ, ಕೆಂಪಗೆ.

ಕತ್ತಿ, ಒರೆ ಎರಡನ್ನೂ ಪಕ್ಕಪಕ್ಕದಲ್ಲಿಟ್ಟರು. ಯಾರೋ ಲಾಟೀನು ತಂದು ಹಿಡಿದರು. ಬಬನರಾವ್ ಮಂಡಿಯೂರಿ ಕುಳಿತು ಒಂದರ ಮೇಲೊಂದು ಬೆರಳಿಟ್ಟು ಓದಿದರು. ಮಾವ ಕತ್ತಿಯನ್ನೆತ್ತಿ ಒರೆಯೊಳಗೆ ತೂರಿಸಲು ಹೋದರು. ಅದು ಅರ್ಧಕ್ಕೆ ಹೋಗಿ ಸಿಕ್ಕಿಕೊಂಡಿತು. ಗುಂಪಿನಲ್ಲಿ "ಅರೇರೇ" ಎಂಬ ಸದ್ದು. ಆಜೋಬಾ ಮುಂದೆ ಬಂದು ಮಾವನವರ ಕೈಯಿಂದ ಕತ್ತಿ ತೆಗೆದುಕೊಂಡರು. ಬಟ್ಟೆ ಸುತ್ತಿದ ಹಿಡಿಯನ್ನು ಒಮ್ಮೆ ಒತ್ತಿ ನೋಡಿದರು.

"ಉಲ್ಟಾ ಡಾಲಾ, ಸಾಹಬ್," ಎಂದು ಮೆತ್ತಗೆ ಹೇಳಿ, ಮಣಿಕಟ್ಟು ತಿರುಗಿಸಿ, ಕಣ್ಣು ಮುಚ್ಚಿಕೊಂಡೇ ಇಳಿಸಿದರು.

ಖಣ್!

ಆ ಸದ್ದನ್ನು ಅಕ್ಷರದಲ್ಲಿ ಬರೆಯಲು ಬರುವುದಿಲ್ಲ. ಬಬನರಾವ್ ತಂದೆಯ ಮುಂದೆ ನಿಂತು, ಕೈಯಲ್ಲಿದ್ದ ಎಲೆಯನ್ನು ಅವರ ಕೈಗಿಟ್ಟು ಕಾಲಿನ ಮೇಲೆ ಹಣೆ ಹಚ್ಚಿದರು. ಬೇಗ ಏಳಲಿಲ್ಲ. ಆಜೋಬಾ ಅಳುತ್ತಿದ್ದರು. ಅಳುತ್ತಲೇ ಓಣಿಯ ಹುಡುಗರ ಕಡೆ ಕತ್ತಿ ಎತ್ತಿ ತೋರಿಸಿದರು. ನನಗೂ ಅಳು ಬಂತು, ಯಾಕೆ ಸುಳ್ಳು ಹೇಳಲಿ.

ಕತ್ತಿ ಆಜೋಬಾ ಅವರದೆಂದು ಎಲ್ಲರಿಗೂ ಗೊತ್ತಾಯಿತು. ಕತ್ತಿ ನಮ್ಮದೆಂದೂ ಎಲ್ಲರಿಗೂ ಗೊತ್ತಿತ್ತು. ಆಜೋಬಾ ಅವರೇ ಕಣ್ಣೊರೆಸಿಕೊಂಡು, ಒರೆಯ ಸಮೇತ ಅದನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೆಯ ಮುಂದೆ ಚಾಚಿದರು. ತಮ್ಮ ಮಾತು ನಿಜವಾಯಿತು, ಅದಕ್ಕಿಂತ ಹೆಚ್ಚು ತಮಗೆ ಬೇಡ. ನೀವು ಪೂಜೆ ಮಾಡಿದ ಆಯುಧ, ದೇವಿ ನಿಮ್ಮ ಮನೆಯವಳು, ತೆಗೆದುಕೊಂಡು ಹೋಗಿ ಎಂದರು.

ಅತ್ತೆಯ ಕೈ ಮುಂದೆ ಬಂತು. ನಾನು ಅದನ್ನು ನೋಡಿದೆ. ಎಷ್ಟು ನವಮಿ ಈಳಿಗೆ ಇಟ್ಟು ಪೂಜಿಸಿದ ಕೈ ಅದು. ಆ ಕೈ ಕತ್ತಿಯನ್ನು ಮುಟ್ಟಿತು, ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಬನ್ನಿಯನ್ನೆಲ್ಲ ತೆಗೆದು, ಆ ಕತ್ತಿಯ ಮೇಲೆ, ಅವರ ಚಾಚಿದ ಕೈಗಳ ಮೇಲೆ ಸುರಿದರು.

"ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ, ಅಜ್ಜಾರ."

ಅಚ್ಚ ಕನ್ನಡದಲ್ಲೇ ಹೇಳಿದರು. ಆಜೋಬಾ ಅವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಬನ್ನಿಯ ಜೊತೆ ಬಂದದ್ದನ್ನು ಬೇಡ ಎನ್ನುವ ಹಾಗಿಲ್ಲವಲ್ಲ.

ಹಳಿ ದಾಟುವಾಗ ಮಾವ ಮೆಲ್ಲಗೆ, "ನನ್ನ ಒಂದ್ ಮಾತ್ ಕೇಳಲಿಲ್ಲಲ್ಲ ನೀ" ಎಂದರು. "ಕೇಳಿದ್ರ ಏನ್ ಅಂತಿದ್ರಿ?" ಎಂದು ಅತ್ತೆ ಕೇಳಿದರು. ಮಾವ ಸ್ವಲ್ಪ ದೂರ ನಡೆದು, "ಕೊಡು ಅಂತಿದ್ದೆ" ಎಂದರು. ಆಮೇಲೆ ತಡೆಯಲಾರದೆ, "ಆದ್ರ ಪತ್ತೆ ಹಚ್ಚಿದಾಂವ ನಾನ ನೋಡು" ಎಂದು ಸೇರಿಸಿದರು. ಮರುದಿನದಿಂದ ಆಫೀಸಿನಲ್ಲಿ ಆ ಕಥೆ ಶುರುವಾಯಿತು. ಅದರಲ್ಲಿ ಮುತ್ತಜ್ಜ ಇರಲಿಲ್ಲ, ಕುಂಕುಮವೂ ಇರಲಿಲ್ಲ, ಮಾವ ಮಾತ್ರ ಎಲ್ಲ ಕಡೆ ಇದ್ದರು.

ಮುಂದಿನ ನವಮಿಯ ಬೆಳಿಗ್ಗೆ ಅತ್ತೆ ಈಳಿಗೆ ತೊಳೆಯುತ್ತಿದ್ದಾಗ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಹಳೆಯ ಖಾಕಿ ಕೋಟು ಹಾಕಿಕೊಂಡು, ಬಿಳಿಬಟ್ಟೆಯಲ್ಲಿ ಸುತ್ತಿದ ಕತ್ತಿಯನ್ನು ಕಂಕುಳಲ್ಲಿಟ್ಟುಕೊಂಡು ಆಜೋಬಾ ನಿಂತಿದ್ದರು. ಹಿಂದೆ ಓಣಿಯ ಹುಡುಗರು ಸಾಲಾಗಿ, "ಚಾರ್ ಸೌ ಗ್ಯಾರಾ" ಎಂದು ಹೆಜ್ಜೆ ಹಾಕುತ್ತ ಬಂದಿದ್ದರು. ನವಮಿಗೆ ಅದು ನಮ್ಮ ಹಲಗೆಯ ಮೇಲೆ, ದಶಮಿಗೆ ಬನ್ನಿಯ ಜೊತೆ ಅವರ ಮನೆಗೆ. ಕುಂಕುಮ ಹಚ್ಚುವ ಕೆಲಸ ನನ್ನದು. "ದಪ್ಪ ಹಚ್ಚವಾ," ಎನ್ನುತ್ತಿದ್ದರು ಅತ್ತೆ, "ನಂಬರ ಕಾಣ್ಬೇಕು."

ಆಜೋಬಾ ತೀರಿಕೊಂಡ ವರ್ಷ, ಇನ್ನು ಬರುವುದಿಲ್ಲ ಬಿಡು ಎಂದು ಮಾವ ಹೇಳಿದರೂ ಅತ್ತೆ ಖಾಲಿ ಹಲಗೆ ಇಟ್ಟು ರಂಗೋಲಿ ಹಾಕಿದರು. ಬಬನರಾವ್ ತಂದರು. ಅವರ ನಂತರ ಅವರ ಮಗ. ಅತ್ತೆ, ಮಾವ, ನನ್ನವರು ಎಲ್ಲ ಹೋದರು, ಕ್ವಾರ್ಟರ್ಸು ಬಿಟ್ಟು ನಾವು ಈ ಕಡೆ ಬಂದೆವು. ಕತ್ತಿ ಮಾತ್ರ ದಾರಿ ಮರೆಯಲಿಲ್ಲ.

ನಿನ್ನೆಯ ಫೋನು ಬಬನರಾವ್ ಅವರ ಮೊಮ್ಮಗನದು. ಅವನಿಗೆ ಉಮರೇಡಿನ ಕಲ್ಲಿದ್ದಲ ಗಣಿಗೆ ವರ್ಗವಾಗಿದೆ. ರಜೆ ಸಿಗುವುದಿಲ್ಲವಂತೆ, ಬಸ್ಸಿನಲ್ಲಿ ತಲವಾರು ಒಯ್ದರೆ ಪೊಲೀಸರು ಹಿಡಿಯುತ್ತಾರಂತೆ. "ಆಜೀ, ರಾಗಾವೂ ನಕಾ," ಸಿಟ್ಟಾಗಬೇಡಿ ಎಂದು ಬೇಡಿಕೊಂಡ. ಸಿಟ್ಟೇನಿಲ್ಲಪ್ಪ ಎಂದು ಫೋನಿಟ್ಟವಳು ರಾತ್ರಿಯೆಲ್ಲ ಮಗ್ಗುಲು ಬದಲಿಸಿದೆ. ಇವತ್ತು ಈ ಹುಣಸೆಯ ವಾಸನೆಯಲ್ಲಿ ಕುಳಿತು ನಿಮಗೆ ಇಷ್ಟೆಲ್ಲ ಹೇಳುತ್ತ ಹೇಳುತ್ತ ನನಗೆ ಹೊಳೆಯಿತು: ಇಷ್ಟು ವರ್ಷ ಅದೇ ನಮ್ಮ ಮನೆಗೆ ಬಂತು. ಕೋಲೂರಿಕೊಂಡು ಬಂತು, ಸೈಕಲ್ಲಿನ ಮೇಲೆ ಬಂತು, ಸ್ಕೂಟರಿನ ಮೇಲೆ ಬಂತು. ನವಮಿಯ ದಿನ ನಾವು ಒಮ್ಮೆಯೂ ಅದರ ಮನೆಗೆ ಹೋಗಲಿಲ್ಲ.

"ಏ ಹುಡುಗಿ," ಎಂದು ಕೂಗಿದೆ. ಮೊಮ್ಮಗಳು ಬೂದಿಗೈಯಲ್ಲೇ ಓಡಿ ಬಂದಳು. "ನವಮಿಗೆ ಗಾಡಿ ತಗಿ. ಉಮರೇಡಿಗೆ ಹೋಗೂದೈತಿ."

"ಅಜ್ಜಿ! ಖರೇಚ್? ಈ ವಯಸ್ಸಿನಾಗ? ತಿಥೇ ಏನೈತಿ?"

ಅಲ್ಲಿ ಏನಿದೆ ಎಂದು ಹೇಳಿದೆ. ಹಲಗೆ ಅವರದು, ಹೂವು ಅವರದು. ಕುಂಕುಮದ ಬಟ್ಟಲು ಮಾತ್ರ ನಾನು ಒಯ್ಯುತ್ತೇನೆ, ಕಲೆಸುವವಳೂ ನಾನೇ. ಈಗಿನ ಹುಡುಗರು ತೆಳ್ಳಗೆ ಬೊಟ್ಟಿಟ್ಟು ಮುಗಿಸಿಬಿಡುತ್ತಾರೆ. ನಂಬರು ಕಾಣದಿದ್ದರೆ ಮತ್ತೆ ಯಾರಾದರೂ ಆ ಮುದುಕರನ್ನು ಸುಳ್ಳರೆಂದಾರು.